ಇನ್ನೊಂದು ಎಂಟು

ಎಸ್.ಪಿ. ರೋಡು, ಎರಡನೇ ಮಹಡಿ. ಮೆಟ್ಟಿಲಿಗೆ ಕೈಹಿಡಿ ಇಲ್ಲ.
ಗಂಗಹನುಮಯ್ಯ ಹತ್ತಿ ಬಂದದ್ದು
ಸಿಪಿಯುವನ್ನು ಅಕ್ಕಿಮೂಟೆಯಂತೆ ಹೆಗಲಿಗೇರಿಸಿಕೊಂಡು.
ಇಳಿಸುವಾಗ ಮಾತ್ರ ನಿದ್ದೆ ಹೋದ ಮಗುವನ್ನು ಇಳಿಸಿದ ಹಾಗೆ.

"ರ‍್ಯಾಮ್ ಹಾಕಿ ಮೇಡಂ. ಮೂವತ್ತೆರಡು.
ಆಟ ಎಳೀತಾನೇ ಇಲ್ಲ."

ಹಗಲೆಲ್ಲ ಟೆಂಪೊ ಓಡಿಸುವವನು,
ಪೀಣ್ಯದಿಂದ ಬೊಮ್ಮಸಂದ್ರಕ್ಕೆ ನಟ್ಟು ಬೋಲ್ಟು,
ಬರುವಾಗ ಖಾಲಿ, ಇಲ್ಲವೆ ಯಾರದೋ ಸೋಫಾ.
ರಾತ್ರಿ ಸುಂಕದಕಟ್ಟೆಯ ಒಂದೇ ಕೋಣೆಯಲ್ಲಿ
ಹೆಂಡತಿ ಮಲಗಿದ ಮೇಲೆ ಕಿವಿಗೆ ವೈರು ಸಿಕ್ಕಿಸಿ
ಮತ್ತೆ ಲಾರಿಯನ್ನೇ ಓಡಿಸುತ್ತಾನಂತೆ, ಆಟದಲ್ಲಿ.
ನಗು ಬಂತು. ನುಂಗಿಕೊಂಡೆ.
"ಅಲ್ಲಿ ರೋಡಿದೆ ಮೇಡಂ," ಅಂದ.

ಹೆದ್ದಾರಿಯಲ್ಲಿ ಸಲೀಸಂತೆ.
ಊರೊಂದು ಹತ್ತಿರವಾಗಿ
ಮನೆಗಳು ಒಂದೊಂದೇ ಎದ್ದು ನಿಲ್ಲುವ ಹೊತ್ತಿಗೆ
ಜಗ್, ಜಗ್, ಜಗ್. ಲಾರಿ ನಿಂತಲ್ಲೇ ನಿಂತು
ಆಮೇಲೆ ಒಮ್ಮೆಗೇ ಲೈಟುಕಂಬದೊಳಗೆ.

ಮುಚ್ಚಳ ಬಿಚ್ಚಿದೆ. ಫ್ಯಾನಿನ ತುಂಬ ಮಾಗಡಿ ರೋಡಿನ ಧೂಳು.
ಒಂದೇ ಕಡ್ಡಿ, ಎಂಟು ಜಿಬಿ.
ಪಕ್ಕದ ಸ್ಲಾಟು ಕೊಂಡ ದಿನದಿಂದ ಖಾಲಿ, ಬಾಯಿ ತೆರೆದುಕೊಂಡು.
ಆಟ ಹಚ್ಚಿ ನೋಡಿದೆ: ಎಂಟರಲ್ಲಿ ಏಳೂಮುಕ್ಕಾಲು ಭರ್ತಿ,
ಡಿಸ್ಕಿನ ಕೆಂಪು ದೀಪಕ್ಕೆ ರೆಪ್ಪೆ ಮುಚ್ಚಲು ಪುರಸೊತ್ತಿಲ್ಲ.

ಕೆಳಗಿನ ಅಂಗಡಿಯವನಾದರೆ ಮೂವತ್ತೆರಡು ಕೊಟ್ಟು
ಕೈ ಮುಗಿದು ಕಳಿಸುತ್ತಿದ್ದ.
ನಮ್ಮ ಯಜಮಾನರೂ ಕ್ಯಾಲ್ಕುಲೇಟರಿನ ಹಿಂದಿನಿಂದ
ಹುಬ್ಬು ಹಾರಿಸಿದರು. ತಿಂಗಳ ಕೊನೆ.

ನಾನು ಕೇಳಿದೆ: "ನಿಮ್ಮ ಟೆಂಪೊ ಬಾಡಿ ಎಷ್ಟಡಿ?"
"ಎಂಟು."
"ಹದಿನಾಲ್ಕು ಮಾಡಿಸಿದ್ರೆ ಏರು ಬೇಗ ಹತ್ತುತ್ತಾ?"
ತಲೆ ಕೆರೆದುಕೊಂಡ. "ಇಂಜಿನ್ ಅದೇ ಅಲ್ವಾ."
"ಸರಕು ಹಿಡೀದೆ ಒಂದು ಲೋಡಿಗೆ ಎರಡೆರಡು ಟ್ರಿಪ್ಪು ಹೊಡೀತಿದ್ರೆ?"
"ಆವಾಗ ಬೇಕು."
"ಅಷ್ಟೇ."

ಕಾಲೇಜು ಹುಡುಗರಿಗೆ ಅರ್ಧ ಗಂಟೆ ಹೇಳಿದರೂ ಇಳಿಯದ್ದು
ಇವನಿಗೆ ಚಹಾ ಆರುವುದರೊಳಗೆ ಇಳಿಯಿತು.

ಇನ್ನೊಂದು ಎಂಟನ್ನಷ್ಟೇ ತೆಗೆದೆ.
ಹಳೆಯದರ ಚಿನ್ನದ ಹಲ್ಲುಗಳನ್ನು
ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ
(ನನ್ನ ಅರ್ಧ ವಿದ್ಯೆ ಆ ಮೂರು ರೂಪಾಯಿಯದು).
ಒತ್ತಿದೆ. ಟಕ್. ಇನ್ನೊಂದು ತುದಿ. ಟಕ್.
ಒಂಟಿ ಹಳಿ ಜೋಡಿ ಹಳಿಯಾಯಿತು.

ಲೆಕ್ಕ ಹೇಳಿಬಿಡುತ್ತೇನೆ, ಸುಳ್ಳು ಬೇಡ:
ಸೆಕೆಂಡಿಗೆ ಮೂವತ್ತೊಂದು ಚಿತ್ರ ಓಡುತ್ತಿದ್ದದ್ದು
ಮೂವತ್ತಾರಾಯಿತು.
ಅರವತ್ತು ಬೇಕೆಂದರೆ ಗ್ರಾಫಿಕ್ಸ್ ಕಾರ್ಡು. ಅದು ಬೇರೆ ಮಾತು, ಬೇರೆ ದುಡ್ಡು.
ಆದರೆ ಊರು ಬಂತು. ಮನೆಗಳು ಎದ್ದವು.
ಪೆಟ್ರೋಲ್ ಬಂಕು, ಬೇಲಿ, ಗೋಪುರವೊಂದರ ಗಡಿಯಾರ.
ಲಾರಿ ಜಗ್ಗಲಿಲ್ಲ.
ಗಂಗಹನುಮಯ್ಯನ ಬಲಗಾಲು ನನ್ನ ಸ್ಟೂಲಿನ ಕೆಳಗೆ
ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಜಾಸ್ತಿ ಹಾಕಿದರೆ ಜಾಸ್ತಿ ಓಡುತ್ತಾ?
ಕೌಂಟರಿಗೆ ಮೊಣಕೈ ಊರಿ ದಿನವೂ ಯಾರೋ ಕೇಳುತ್ತಾರೆ.
ಈ ಊರೂ ಕೇಳುತ್ತಲೇ ಇದೆ, ಸೇತುವೆಯ ಮೇಲೊಂದು ಸೇತುವೆ ಇಟ್ಟು.
ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಿ, ಅನ್ನುತ್ತೇನೆ.
ಅರ್ಧ ಜನ ಅಷ್ಟರಲ್ಲೇ ಕೆಳಗಿನ ಅಂಗಡಿಗೆ ಇಳಿದಿರುತ್ತಾರೆ.

ಮೊನ್ನೆ ನಮ್ಮ ಹನ್ನೆರಡು ಮಾನಿಟರು ತರಲು
ಅವನಿಗೇ ಹೇಳಿದ್ದೆ. ಸಂಜೆಯಾದರೂ ಬರಲಿಲ್ಲ. ಫೋನು ಮಾಡಿದೆ.
"ಟೌನ್ ಹಾಲ್ ಸಿಗ್ನಲ್ ಮೇಡಂ. ಮುಕ್ಕಾಲು ಗಂಟೆ ಆಯ್ತು."
ಹಾರನ್ನುಗಳ ನಡುವೆ ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ, ಪಕ್ಕದ ಗಾಡಿಯವರಿಗೆ ಕೇಳಿಸಬಾರದೆಂಬಂತೆ, ಮೆಲ್ಲಗೆ:
"ನಿನ್ನೆ ರಾತ್ರಿ ಸಮುದ್ರದವರೆಗೂ ಹೋದೆ.
ಒಂದು ಸಲಾನೂ ನಿಲ್ಲಲಿಲ್ಲ."