ಕೋರ್ಟಿನೆದುರು ತಿಪ್ಪಣ್ಣ

ಲಿಂಗಸುಗೂರಿನ ಕೋರ್ಟಿನೆದುರು, ಬೇವಿನ ಕೆಳಗೆ
ನನ್ನ ಟೈಪ್‌ರೈಟರು, ಒಂದು ಕುರ್ಚಿ, ಒಂದು ಸ್ಟೂಲು.
‘ಳ’ ಸವೆದಿದೆ, ಎರಡು ಸಲ ಒತ್ತಬೇಕು.
ಬಾಂಡಿನ ಹಾಳೆಯ ಮೇಲೆ ಜನರ ಹೆಸರು ಕಳಚಿ
ಬೇರೆ ಹೆಸರು ತೊಡಿಸುವುದು ಕಸುಬು.
ಹುಲಿಗೆವ್ವ ಹೋಗಿ ಹರ್ಷಿತಾ ಬರುತ್ತಾಳೆ,
ಅಡಿವೆಪ್ಪ ಆದಿತ್ಯನಾಗಿ ಸಹಿ ಹಾಕುತ್ತಾನೆ
ಹಳೇ ಸಹಿಯ ಬಾಲವನ್ನೇ ಎಳೆದು.

ನಾನು ತಿಪ್ಪಣ್ಣ. ನನ್ನದು ಬದಲಾಗಿಲ್ಲ.
ಬಡಗಿಯ ಮನೆಗೆ ಬಾಗಿಲಿಲ್ಲ ಎಂದು ನಗುತ್ತಾರೆ ವಕೀಲರು.

ಎಂಬತ್ತರ ಫೆಬ್ರುವರಿ, ಶನಿವಾರ,
ಹಾಡಹಗಲೇ ಸೂರ್ಯ ಹೋಗಿಬಿಟ್ಟ.
ಕದ ಮುಚ್ಚಿ, ನೀರಿನ ಕೊಡಕ್ಕೆ ಗರಿಕೆ ಹಾಕಿ
ಊರು ಒಳಗೇ ಉಸಿರು ಹಿಡಿದು ಕೂತಿತ್ತಂತೆ.
ಅವ್ವನಿಗೆ ಮಾತ್ರ ತಡೆಯಲಾಗಲಿಲ್ಲ.
ನನಗಿಂತ ಮುಂಚಿನವು ಎರಡು
ತೊಟ್ಟಿಲಿಗೇ ಬರದೆ ಹೋಗಿದ್ದವು.
ಮೊರದಲ್ಲಿಟ್ಟು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿದರು,
ನೆರೆಮನೆಯ ಕಾಶಿಂಬಿ ಎತ್ತಿಕೊಂಡಳು,
ಅವ್ವ ಒಂದು ಸೇರು ನವಣೆ ಅಳೆದು ಕೊಟ್ಟು
ಕೊಂಡುಕೊಂಡಳು ತನ್ನದನ್ನೇ.
ಕಸದ ಮೇಲೆ ಸಾವಿಗೆ ಆಸೆಯಿರುವುದಿಲ್ಲ ಎಂಬ ಲೆಕ್ಕ.

ರಶಿಯಾದಲ್ಲೂ ಇದೇ ಲೆಕ್ಕ ಇತ್ತೆಂದು ಗೊತ್ತಾದದ್ದು
ಸಿಂಧನೂರಿನ ರದ್ದಿ ಅಂಗಡಿಯಲ್ಲಿ.
ಕಿಲೋಗೆ ಎಂಟು ರೂಪಾಯಿ, ರಟ್ಟು ಹೋದ ಪುಸ್ತಕ,
ಮೊದಲ ಹನ್ನೆರಡು ಪುಟ ಗೆದ್ದಲ ಪಾಲು,
ಬರೆದವರೂ ಆ ಪುಟಗಳ ಜೊತೆಗೇ ಹೋಗಿದ್ದರು.
ಅಲ್ಲಿಯೂ ಕೂಸಿಗೆ ನೆಕ್ರಾಸ್ ಎನ್ನುತ್ತಿದ್ದರಂತೆ, ಚೆಂದಿಲ್ಲದವನು;
ನೆಜ್ದಾನ್, ಯಾರೂ ದಾರಿ ಕಾಯದವನು;
ಮೂರನೆಯವನು ತ್ರೆತ್ಯಾಕ್, ಅಷ್ಟೇ, ಬರೀ ಎಣಿಕೆ.
ಪಾದ್ರಿ ಕೊಟ್ಟ ದೊಡ್ಡ ಹೆಸರು ಪೆಟ್ಟಿಗೆಯೊಳಗೆ,
ಕೂಗುವ ಹೆಸರು ಹೊಸ್ತಿಲ ಮೇಲೆ,
ಕೇಳಿದ ದೆವ್ವ ಮುಖ ತಿರುಗಿಸಿ ಹೋಗಲಿ ಅಂತ.

ಅದೇ ಪುಸ್ತಕದಲ್ಲಿ ಆಕಾಶವೂ ಇತ್ತು.
ದುರ್ಬೀನು ಇಲ್ಲ, ಗಾಜಿಲ್ಲ, ಮಠದ ಬರಹಗಾರರು
ಬರಿಗಣ್ಣಿಗೆ ಕಂಡದ್ದನ್ನು ಬರೆದಿಟ್ಟರು:
ಇಂಥ ತಿಂಗಳು ಬಾಲದ ಚಿಕ್ಕಿ ಬಂತು,
ಸೂರ್ಯ ಸವೆದ, ಹಗಲಲ್ಲಿ ಚಿಕ್ಕಿ ಎದ್ದವು,
ಉಪ್ಪಿನ ಬೆಲೆ ಏರಿತು. ಎಲ್ಲ ಒಂದೇ ಶಾಯಿಯಲ್ಲಿ.
ಆಕಾಶಗಂಗೆ ಅವರಿಗೆ ಹೆಬ್ಬಾತುಗಳ ಹಾದಿ,
ಕೃತ್ತಿಕೆ ಬಾತಿನ ಗೂಡು.
ಅವ್ವ ‘ಮುದುಕಿಯ ಹೊರಸು’ ಎನ್ನುತ್ತಿದ್ದ ಆ ಏಳು ಚಿಕ್ಕಿ,
ಹೊತ್ತೊಯ್ಯುವ ಮೂವರು ಕಳ್ಳರೂ ಸೇರಿ,
ಅಲ್ಲಿ ಹಿಮದಲ್ಲಿ ನಿಂತ ಒಂದು ಕಡವೆ.
(ಹಿಮ ನಾನು ಕಂಡದ್ದು ಐಸಿನ ಗಾಡಿಯಲ್ಲಿ.)
ಸೆಕೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ನೋಡುತ್ತೇನೆ:
ಹೊರಸು ಎದ್ದು ಕಡವೆಯಾಗುತ್ತದೆ,
ಕಡವೆ ಮಂಡಿಯೂರಿ ಹೊರಸು.
ಯಾವ ನೋಟರಿಯ ಸಿಕ್ಕಾ ಬೇಕಿಲ್ಲ.

ಮಸ್ಕಿಯ ಬಂಡೆಯೂ ಹಾಗೇ ಅಲ್ಲವೇ,
ಎಷ್ಟೋ ಕಲ್ಲುಗಳು ಅರಸನ ಬಿರುದು ಹೇಳಿ ಸುಮ್ಮನಾದವು,
ಇದು ಬಾಯಿಬಿಟ್ಟು ಹೆಸರನ್ನೇ ಹೇಳಿತು.

ಇವತ್ತು ಒಬ್ಬಳು ಬಂದಳು, ಮುದಗಲ್ಲಿನವಳು.
ನರ್ಸಿಂಗ್ ಸೀಟು ಸಿಕ್ಕಿದೆ. ಐದನೆಯ ಹೆಣ್ಣು, ಸಾಕವ್ವ.
“ಬದಲ್ ಮಾಡ್ರಿ ಕಾಕಾ. ಹಾಸ್ಟೆಲ್ಲಿನಾಗ ನಗ್ತಾರ.”
ಏನಂತ ಇಡಲಿ ಅಂದೆ.
“ಕೃತ್ತಿಕಾ.”
ಬಾತಿನ ಗೂಡು, ಅಂದೆ. ಅವಳು ನನ್ನ ಮುಖ ನೋಡಿದಳು.

ಹೇಳಬೇಕೆಂದಿದ್ದೆ, ನೆಕ್ರಾಸನ ಕಥೆ, ತಿಪ್ಪೆಯ ಕಥೆ,
ಕೆಟ್ಟ ಹೆಸರಿನೊಳಗೆ ಬಚ್ಚಿಟ್ಟ ಮುದ್ದಿನ ಕಥೆ.
ನಾಲಿಗೆ ಅಲ್ಲೇ ನಿಂತಿತು.
ನನ್ನ ಹೆಸರು ನಾನು ಉಳಿಯಲಿ ಎಂದು ಇಟ್ಟದ್ದು.
ಅವಳದು, ಇನ್ನು ಬರಬೇಡಿ ಎಂದು
ಅವಳ ಹಿಂದಿನವರ ಮುಖಕ್ಕೆ ಹಾಕಿದ ಕದ.
ಎರಡೂ ಒಂದಲ್ಲ. ಇಷ್ಟು ವರ್ಷ ಟೈಪು ಮಾಡಿಯೂ
ಹೊಳೆದಿರಲಿಲ್ಲ.

‘ಮಗಳು’ ಎಂಬಲ್ಲಿ ಳ ಮೂಡಲಿಲ್ಲ. ಮತ್ತೆ ಒತ್ತಿದೆ.
ನೋಟರಿ ಉಂಡು ಬರಲಿಕ್ಕೆ ತಾಸು ಹಿಡಿಯುತ್ತದೆ,
ಸ್ಟೂಲಿನ ಮೇಲೆ ಕೂತು ರದ್ದು ಹಾಳೆಯ ಹಿಂದೆ
ಹೊಸ ಸಹಿ ಕಲಿಯುತ್ತಿದ್ದಳು;
‘ಕೃ’ದ ಬಾಲ ಯಾವ ಕಡೆ ತಿರುಗಬೇಕೆಂದು
ಪೆನ್ನು ತಡೆದು ತಡೆದು ನಿಲ್ಲುತ್ತಿತ್ತು.

“ಎಷ್ಟು ಆತ್ರಿ ಕಾಕಾ?”
ಒಂದು ಸೇರು ನವಣೆ ಅನ್ನಬೇಕೆನಿಸಿತು.
ನೂರಾ ಇಪ್ಪತ್ತು ಅಂದೆ.