ತೂಗುಗುಂಡು

ಬೈರೂತಿನಲ್ಲಿ ಗಾರೆ ಕೆಲಸಕ್ಕೆ ಬರವಿಲ್ಲ.
ಗೋಡೆ ಇದ್ದಷ್ಟೂ ತೂತು, ತೂತು ಇದ್ದಷ್ಟೂ ಕೂಲಿ.
ಮೂವತ್ತು ವರ್ಷ ನಾನು ತಿಂದ ರೊಟ್ಟಿಯೆಲ್ಲ
ಯಾರೋ ಹಾರಿಸಿದ ಗುಂಡಿನ ಋಣ.
ಯಾರೋ ಅಂದೆ. ಇರಲಿ, ಆ ಮಾತು ಆಮೇಲೆ.

ಜೊತೆಗೆ ಬರುವ ಹುಡುಗ ವಾಯಿಲ್, ಹದಿನೇಳು ತುಂಬಿಲ್ಲ,
ಪ್ರತಿ ತೂತಿಗೂ ಬೆರಳು ತೂರಿಸಿ ನೋಡುತ್ತಾನೆ.
"ಮೇಸ್ತ್ರಿ, ಯಾಕೆ ಹೊಡೆದಾಡಿದಿರಿ ನೀವೆಲ್ಲ?"
ಅವನ ಶಾಲೆಯ ಚರಿತ್ರೆ ಪುಸ್ತಕ
ಫ್ರೆಂಚರು ಹಡಗು ಹತ್ತಿದಲ್ಲಿಗೆ ಮುಗಿಯುತ್ತದೆ.
ಮುಂದಿನದು ಬರೆಯಲು ಕೂತವರು
ಮೊದಲ ವಾಕ್ಯಕ್ಕೇ ಕುರ್ಚಿ ತಳ್ಳಿ ಎದ್ದರಂತೆ.

ಪಾಕ ತಪ್ಪಿತ್ತು ಮಗಾ, ಅನ್ನುತ್ತೇನೆ.
ಸಿಮೆಂಟು ಒಂದಕ್ಕೆ ಮರಳು ನಾಲ್ಕು, ಬಲ್ಲೆಯಲ್ಲ,
ಈ ದೇಶ ಕಲಸಿದವರೂ ಹಾಗೆ ಲೆಕ್ಕ ಇಟ್ಟಿದ್ದರು:
ಶಿಲುಬೆಯವರು ಆರು, ಮಸೀದಿಯವರು ಐದು.
ದೊಡ್ಡ ಕುರ್ಚಿ ಇವರಿಗೆ, ಅದರ ಪಕ್ಕದ್ದು ಅವರಿಗೆ,
ಕಚೇರಿಯ ಜವಾನನಿಗೂ ಒಂದು ದೇವರು ಬೇಕಿತ್ತು.
ತಲೆ ಎಣಿಸಿದ್ದು ಒಮ್ಮೆ, ನನ್ನಪ್ಪ ತೊಟ್ಟಿಲಲ್ಲಿದ್ದಾಗ.
ಮತ್ತೆ ಎಣಿಸಲಿಲ್ಲ; ಎಣಿಸಿದರೆ ಕುರ್ಚಿ ಅಲ್ಲಾಡೀತು.
ಹುಟ್ಟುವವರು ಹುಟ್ಟಿದರು, ವಲಸೆ ಹೋಗುವವರು ಹೋದರು,
ಗಡಿಯಾಚೆ ಮನೆ ಕಳಕೊಂಡು ಹಾಸಿಗೆ ಹೊತ್ತು ಬಂದವರು
ತಗಡಿನ ಸೂರಿನಡಿ ಮುದುಕರಾದರು.
ಗಾರೆ ಮಾತ್ರ ಅದೇ, ಆರಕ್ಕೆ ಐದು.
ಒಣಗಿತು, ಬಿರಿಯಿತು. ಬಿರುಕಿಗೆ ಬೆರಳಿಟ್ಟು ಹಿಗ್ಗಿಸಲು
ಹೊರಗಿನವರೂ ಬಂದರು, ಪೆಟ್ಟಿಗೆ ಪೆಟ್ಟಿಗೆ ಬಂದೂಕು ತಂದರು.

"ಅಷ್ಟೇನಾ?" ಅಂದ ವಾಯಿಲ್.
ಅಷ್ಟೇ ಅಲ್ಲ. ನನಗೆ ಹತ್ತೊಂಬತ್ತು.
ಬಂದೂಕು ಚಂದ ಕಾಣುತ್ತಿತ್ತು ನನ್ನ ಹೆಗಲ ಮೇಲೆ.

ಇವತ್ತಿನ ಮನೆ ಹಳೇ ಗಡಿಬೀದಿಯಲ್ಲಿ, ಮೂರನೇ ಮಹಡಿ.
ಹದಿನೈದು ವರ್ಷ ಯಾರೂ ನೆಟ್ಟಗೆ ದಾಟದ ಬೀದಿ;
ಡಾಂಬರು ಸೀಳಿ ಅಂಜೂರ ಎದ್ದಿತ್ತು ಇಲ್ಲಿ,
ಅದರ ಗುರುತಿನ ಚೀಟಿ ಯಾರೂ ಕೇಳಿರಲಿಲ್ಲ.
ಅಫೀಫಾ ಅಜ್ಜಿ ಏಲಕ್ಕಿ ಕಾಫಿ ತಂದಿಟ್ಟು
"ಎಲ್ಲ ಮುಚ್ಚಿ, ಇದೊಂದು ಬಿಡಿ" ಅಂದಳು,
ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರು ಸರಿಸಿ.
ಹೆಬ್ಬೆರಳು ಹಿಡಿಸುವಷ್ಟು.

"ನನ್ನ ತಮ್ಮ ಸಲೀಬಾ ಇಷ್ಟೇ ಎತ್ತರ.
ಆ ಕ್ಷಣ ಬಿದ್ದ ಚಮಚ ಎತ್ತಲು ಬಗ್ಗಿದ್ದ. ಉಳಿದ.
ಮುಂದಿನ ಏಪ್ರಿಲ್‌ನಲ್ಲಿ ಬ್ರೆಡ್ಡು ತರಲು ಹೋದ.
ಸೇತುವೆ ಹತ್ತಿರ ತಡೆದು ಚೀಟಿ ಕೇಳಿದರಂತೆ,
ಹೆಸರಿನ ಕೆಳಗಿನ ಸಾಲು ಓದಿದರಂತೆ.
ಅಷ್ಟು ಗೊತ್ತು.
ಸತ್ತ ಅಂತ ಸಹಿ ಹಾಕು ಅನ್ನುತ್ತಾರೆ ಕಚೇರಿಯಲ್ಲಿ. ಹಾಕಿಲ್ಲ.
ಅವನು ಬದುಕಿದ್ದ ಅನ್ನಲು ನನ್ನ ಹತ್ತಿರ
ಇದೊಂದೇ ಇರುವುದು."

ನಾನು ತೂಗುಗುಂಡು ಇಳಿಬಿಟ್ಟೆ.
ನನ್ನ ಕೈಗೆ ಬಂದ ಗುಂಡುಗಳಲ್ಲಿ
ಸುಳ್ಳು ಹೇಳದ್ದು ಇದೊಂದೇ.
ಓಲಾಡಿ, ಓಲಾಡಿ, ನಿಂತಿತು.
ದಾರದ ಪಕ್ಕದಲ್ಲೇ ಕಿಟಕಿ, ಕಿಟಕಿಯಾಚೆ
ಎದುರು ಕಟ್ಟಡದ ನಾಲ್ಕನೇ ಮಹಡಿ,
ಕಂಬಿ ಕಿತ್ತ ಬಾಲ್ಕನಿ, ಮರಳುಮೂಟೆ ಇಟ್ಟಿದ್ದ ಮೂಲೆ.
ಅಲ್ಲಿಂದ ಈ ಅಡುಗೆಮನೆಯ ಹಳದಿ ಬಿಲ್ಲೆಗಳು ಕಾಣುತ್ತಿದ್ದವು.
ಬೆಳಿಗ್ಗೆ ಹೊತ್ತು ಇನ್ನೂ ಚೆನ್ನಾಗಿ.

ಸರಕಾರ ನಮ್ಮನ್ನೆಲ್ಲ ಒಂದೇ ಕಾಗದದಲ್ಲಿ ಮನ್ನಿಸಿದೆ.
ನಾನು ಯಾರನ್ನೂ ಕೇಳಿರಲಿಲ್ಲ,
ಅಜ್ಜಿಯನ್ನೂ ಯಾರೂ ಕೇಳಿದಂತಿಲ್ಲ.

"ಆಗ ನೀವೆಲ್ಲಿದ್ದಿರಿ, ಶಕೀಬ್ ಮೇಸ್ತ್ರಿ?"
ಹೊತ್ತು ಹೋಗಲೆಂದು ಎಲ್ಲರೂ ಕೇಳುವಂತೆ ಕೇಳಿದಳು.
"ಎದುರಿಗೆ" ಅಂದೆ.
ಸಕ್ಕರೆ ಡಬ್ಬಿ ಸರಿಸಿದಳು.
ನನ್ನ ಕಡೆಗೋ, ನನ್ನಿಂದ ಆಚೆಗೋ,
ಕೈ ನೋಡುತ್ತಿದ್ದೆ, ಗಮನಿಸಲಿಲ್ಲ.

ಸಂಜೆಗೆ ಗೋಡೆ ನುಣುಪಾಯಿತು.
ಆ ಒಂದರ ಸುತ್ತ ಕರಣೆಯ ತುದಿಯಿಂದ
ಅಂಚು ಕಟ್ಟಿದೆ, ಪುಟ್ಟ ಕಿಟಕಿಗೆ ಕಟ್ಟುವಂತೆ.
ವಾಯಿಲ್ ಏನೂ ಕೇಳಲಿಲ್ಲ, ಬಕೆಟ್ಟು ತೊಳೆದ.

ಕೂಲಿ ಎಣಿಸಿ ಕೊಟ್ಟಳು. ಬೀದಿಗಿಳಿದ ಮೇಲೆ
"ಒಂದು ನೋಟು ಹೆಚ್ಚಿದೆ, ಮೇಸ್ತ್ರಿ" ಅಂದ ಹುಡುಗ.
ಕರೆಂಟಿಲ್ಲ, ಲಿಫ್ಟಿಲ್ಲ. ಮೂರು ಮಹಡಿ.
ಮೊದಲ ಮೆಟ್ಟಿಲಿಗೆ ಕಾಲಿಟ್ಟು
ಮತ್ತೊಮ್ಮೆ ಎಣಿಸಿದೆ.