‘ಚೆ’ ಕಡಿಮಿ ಬಿದ್ದಾಗ

ನಮ್ಮ ಪ್ರೆಸ್ಸಿನ ಕೇಸಿನ್ಯಾಗ ‘ಚಿ’ ರಗಡ ಇದ್ದವು.
ಗದಗಿನ ಮಂದಿ ಲಗ್ನಾ ಮಾಡತಾರ,
‘ಚಿ.’ ಬೇಕು, ‘ಚಿ. ಸೌ.’ ಬೇಕು.
‘ಚೆ’ ಯಾರಿಗೆ ಬೇಕು?
ಎಣಿಸಿ ಮೂವತ್ತೊಂದು.

ಅಂಥಾದ್ರಾಗ ಹಂಪಿಹೊಳಿ ಮಾಸ್ತರು
ಇಂಗ್ಲಿಷಿನ ಕುದುರಿ-ಬಂದೂಕಿನ ಕಾದಂಬರಿ ಕನ್ನಡಕ್ಕ ತಂದ್ರು.
ಅರಿಜೋನಾ ಅಂತೊಂದು ಸೀಮಿ,
ನೀಲಿ ಕೋಟಿನ ಕ್ಯಾಪ್ಟನ್,
ಕಲ್ಲಿನ ಮರಿಗೆ ಅಡಗಿ ಕುಂತ ಅಪಾಚೆಗಳು.
ಪುಟಕ್ಕ ಇಪ್ಪತ್ತು ಸಲ ಅಪಾಚೆ, ಅಪಾಚೆ, ಅಪಾಚೆ.
ಎರಡು ಪುಟ ಜೋಡಿಸೂದ್ರಾಗ
‘ಚೆ’ ಖಲಾಸ್.

ಹಿಂಗಾಗಿ
ನಲವತ್ತನೇ ಪುಟ ಅಚ್ಚಾಗಬೇಕು, ಬಿಚ್ಚಬೇಕು,
ಅಲ್ಲಿ ಗುಂಡು ತಿಂದು ಬಿದ್ದವನ ‘ಚೆ’ ತಗೊಂಡು
ಚಿಮಣಿ ಎಣ್ಣಿಯೊಳಗ ತೊಳದು
ನಲವತ್ತೆರಡನೇ ಪುಟದಾಗ
ಮತ್ತೊಬ್ಬನ್ನ ಗುಡ್ಡದ ಮ್ಯಾಲೆ ನಿಲ್ಲಸಬೇಕು.
ಅವನೂ ಸಾಯಾಂವನ.
ಅವನ ಮೊಳಿ ಇನ್ನೊಬ್ಬಗ.
ಕ್ಯಾಪ್ಟನ್‌ಗ ಮಾತ್ರ ಒಂದು ಸಲನೂ ಮೊಳಿ ಕಡಿಮಿ ಬೀಳಲಿಲ್ಲ.
‘ಲಗೂ ಮಾಡೋ ಹುಸೇನಪ್ಪ,’ ಅಂತಿದ್ರು ಕುರಡಗಿ ಸಾವಕಾರ್ರು,
‘ಬಸ್‌ಸ್ಟ್ಯಾಂಡಿನ ಅಂಗಡ್ಯಾವ್ರು ಕಾಯಾಕ ಹತ್ಯಾರ.’

ರಾತ್ರಿ ಪ್ರೂಫು ಬೆಟಗೇರಿಗೆ, ಮನಿಗೆ ಒಯ್ತಿದ್ದೆ.
ಆಯಿ ಜಮಲವ್ವ ಎಲಿ ಅಡಿಕಿ ಕುಟಗೋತ ಕೇಳತಿದ್ಲು.
ಅಕಿಗೆ ಕುದುರಿ ಬ್ಯಾಡ, ಕ್ಯಾಪ್ಟನ್ ಬ್ಯಾಡ.
ಗುಡ್ಡದ ಸುದ್ದಿ ಬಂದಾಗಷ್ಟ ಕುಟ್ಟೂದು ನಿಲ್ಲತಿತ್ತು:
ಝರಿ ಎಲ್ಲಿತ್ತಂತ? ಗಾಳಿ ಯಾ ಕಡಿಂದ?
ಕಪ್ಪತಗುಡ್ಡದಾಗ ಜಿಂಕಿಗೆ ಬಲಿ ಬೀಸಿ
ಉಸರು ಹಿಡದು ಕುಂತವರ ಪ್ರಶ್ನಿ ಅವು.

ಎಂಟನೇ ಅಧ್ಯಾಯದಾಗ ಯುದ್ಧ ಮುಗೀತು.
ಉಳದವರನ್ನ ಒಂದು ಬಯಲಿಗೆ ತಂದು ಇಟ್ರು,
ಕೊರಳಿಗೆ ನಂಬರಿನ ಬಿಲ್ಲಿ ಕಟ್ಟಿದ್ರು,
ದಿನಾ ಸಾಲು ನಿಲ್ಲಿಸಿ ಎಣಿಸಿದ್ರು.
ಆ ಬಯಲಿಗೆ ಮಾಸ್ತರು ಬರದಿದ್ರು:
‘ಕಾಯ್ದಿರಿಸಿದ ಪ್ರದೇಶ’.
‘ಅಂದ್ರ ರೈಲಿನ ಸೀಟೇನೋ?’ ಅಂದ್ಲು ಆಯಿ.
ಆಮ್ಯಾಲೆ, ಬಾಳೊತ್ತಿನ ಮ್ಯಾಲೆ,
‘ರಾತ್ರಿ ಹಾಜರಿ ಎಷ್ಟಕ್ಕ ಅವರಿಗೆ?’

ಪುಸ್ತಕದಾಗ ಅದು ಇರಲಿಲ್ಲ.

‘ನಮಗ ಎರಡಕ್ಕ. ಕಂದೀಲು ಮಾರಿಗೆ ಹಿಡೀತಿದ್ರು.
ಬಿಲ್ಲಿ ಗಿಲ್ಲಿ ಇಲ್ಲ, ಹೆಬ್ಬಟ್ಟು.
ತಂತಿ ದಾಟಿ ಗಿರಣಿಗೆ ಹೋಗಾಕ ಪಾಸು.
ನಿಮ್ಮಪ್ಪ ಹುಟ್ಟಿದ ದಿನ ನಾ ಹಾಜರಿಗೆ ಎದ್ದು ಬರಲಿಲ್ಲಂತ
ಒಂದು ದಿನದ ಪಗಾರ ಹಿಡದ್ರು.’
ಅಷ್ಟಂದು ಮತ್ತ ಕುಟ್ಟಾಕ ಹತ್ತಿದ್ಲು.

ಮರುದಿನ ಮಾಸ್ತರ ಶಬ್ದ ನಾ ಜೋಡಿಸಲಿಲ್ಲ.
ಸೆ. ಟ್ಲ. ಮೆಂ. ಟು.
ಅವರು ಕೆಂಪು ಶಾಯಿ ಹೊಡದ್ರು.
ಮತ್ತ ಹಾಕಿದೆ. ಮತ್ತ ಹೊಡದ್ರು.
ಮೂರನೇ ಪ್ರೂಫಿಗೆ ಚಷ್ಮಾ ತಗದು ನನ್ನ ನೋಡಿ
‘ನಿಮ್ಮ ಮನಿ ಎಲ್ಲಿ ಬರತೈತಿ?’ ಅಂದ್ರು.
ಹೇಳಿದೆ.
ಕೆಂಪು ಪೆನ್ನಿಗೆ ಟೊಪ್ಪಿಗಿ ಹಾಕಿದ್ರು.

ಹಂಗ ಅಚ್ಚಾತು. ಐನೂರು ಪ್ರತಿ, ಎರಡು ರೂಪಾಯಿ.
ಹುಬ್ಬಳ್ಳಿ ಬಸ್ಸಿನ್ಯಾಗ ಯಾರರೆ ಓದಿರಬೇಕು,
ಶೇಂಗಾ ತಿಂದು, ಸಿಪ್ಪಿ ಪುಟದಾಗ ಉದುರಿಸಿ.
ಅರಿಜೋನಾದಾಗ ಸೆಟ್ಲಮೆಂಟು ಹ್ಯಾಂಗ ಬಂತಂತ
ಒಬ್ಬರೂ ಕೇಳಲಿಲ್ಲ.

ಮುಂದ ಲಗ್ನದ ಸೀಜನ್ನು.
ತಂಗಿ ದ್ಯಾಮವ್ವನ ಪತ್ರಿಕಿ ನಾನ ಜೋಡಿಸಿದೆ.
‘ಚಿ. ಸೌ.’ ಕೈ ಹಾಕಿದಲ್ಲೆ ಸಿಕ್ಕವು.
ವಿಳಾಸಕ್ಕ ಬಂದಾಗ ಅಪ್ಪ ಬೆನ್ನ ಹಿಂದ ನಿಂತಿದ್ದ.
‘ಸೆಟ್ಲಮೆಂಟ್ ಅಂತ ಬ್ಯಾಡೋ ಯಪ್ಪಾ,
ಬೀಗರ ಕಡಿಯವರು ನಾಕು ಮಂದಿ ಓದತಾರ.
ಹೊಸ ಓಣಿ ಅಂತ ಹಾಕು.’

ಮೊಳಿ ಆಗಲೇ ಸ್ಟಿಕ್ಕಿನ್ಯಾಗ ಇದ್ದವು. ಅವೇ ಮೊಳಿ.
ಒಂದೊಂದ ತಗದು ಮನಿಗೆ ಕಳಿಸಿದೆ:
ಟು. ಮೆಂ. ಟ್ಲ. ಸೆ.

‘ಓ’ ಹುಡುಕಿದೆ.
ಒಂದ ಒಂದು ಇತ್ತು, ತುದಿ ಮುರದಿತ್ತು.
ಅದನ್ನ ಹಾಕಿದೆ.